ಕುಂಬಾರ ಹುಳದ ಪರವಾಗಿ

ರಾತ್ರಿಯೇ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು, ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಆಚೆಗೆ ಚಿಮ್ಮಿಸುತ್ತಾ ಕೂತಿದ್ದೆ. ಆಗ ಸುದ್ದಿ ಬಂತು. ತಂದವರು ನಮ್ಮ ಮಾವನವರು. ರೊದ್ದದ ಕಡೆಯಿಂದ ಮಂಡಿಗೆ ಹುಣಸೆಹಣ್ಣು ಹೇರಿಕೊಂಡು ಬಂದ ಗಾಡಿಯವನ ಬಾಯಲ್ಲಿ ಅವರ ಅಕ್ಕ ಹೇಳಿಕಳಿಸಿದ್ದರಂತೆ.

“ಅಕ್ಕ ಬತ್ತಾಳಂತೆ, ಈ ವಾರದಾಗೆ,” ಎಂದರು ಮಾವ, ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಾ. “ಏನೋ ಮಾತಾಡೋದೈತಂತೆ.”

ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ಕೈ ನಿಲ್ಲಿಸಿದರು. ಏನು ಮಾತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗದ ಈ ಮನೆಗೆ ನಾನು ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ತೊಟ್ಟಿಲು ಇನ್ನೂ ಅಟ್ಟದ ಮೇಲೇ ಇತ್ತು. ನಮ್ಮ ಯಜಮಾನರು ಮನೆಗೆ ಒಬ್ಬನೇ ಗಂಡುಮಗ. ರೊದ್ದದಲ್ಲಿದ್ದ ಮಾವನವರ ಅಕ್ಕನಿಗೆ ಮದುವೆಗೆ ಬಂದ ಮೊಮ್ಮಗಳಿದ್ದಳು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಅತ್ತೆಯರನ್ನೂ ನೀವು ಕಲಸಿಕೊಳ್ಳಬಾರದೆಂದು ಈ ರೊದ್ದದವರನ್ನು ಬಸಮ್ಮತ್ತೆ ಎನ್ನುತ್ತೇನೆ. ಬರಿಯ ಅತ್ತೆ ಎಂದರೆ ನನ್ನ ಗಂಡನ ತಾಯಿ, ನಂಜಮ್ಮನವರು.

ನಾನು ಅಳಲಿಲ್ಲ. ಕಾಳು ಹಿಸುಕುವುದನ್ನೂ ಬಿಡಲಿಲ್ಲ. ಒಂದು ಕಾಳು ಹಾರಿ ಮಾವನವರ ಕಾಲಿಗೆ ಬಡಿಯಿತು. ಅದನ್ನು ಬೇಕೆಂದೇ ಹಾರಿಸಿದೆನೆಂದು ನೀವು ಅಂದುಕೊಂಡರೆ ನಾನೇನೂ ಬೇಡ ಅನ್ನುವುದಿಲ್ಲ.

“ಬರ್ಲಿ ಬುಡಿ,” ಎಂದರು ಅತ್ತೆ, ಬತ್ತಿಯನ್ನು ಮತ್ತೆ ಅಂಗೈಗೆ ಹಾಕಿಕೊಂಡು. “ಹಿತ್ಲ ಬಾಗ್ಲಾಗೆ ಕುಂಬಾರ ಹುಳ ಗೂಡು ಕಟ್ಟೈತೆ. ನಿಮ್ಮಕ್ಕ ಅದನ್ನೂ ನೋಡ್ಕಂಡು ಹೋಗ್ಲಿ.”

ಕುಂಬಾರ ಹುಳವನ್ನು ನೀವು ನೋಡಿರುತ್ತೀರಿ. ಕಡಜದ ಜಾತಿಯದು, ನಡು ದಾರದಷ್ಟು ಸಣ್ಣ. ಬಚ್ಚಲ ನೀರು ಹರಿದ ಕಡೆಯಿಂದ ಹಸಿಮಣ್ಣನ್ನು ಸಾಸಿವೆಯಷ್ಟು ಉಂಡೆ ಮಾಡಿ ಬಾಯಲ್ಲಿ ಕಚ್ಚಿಕೊಂಡು ಬರುತ್ತದೆ. ಗೋಡೆಗೋ ಬಾಗಿಲ ಚೌಕಟ್ಟಿಗೋ ಮೆತ್ತಿ ಪುಟ್ಟ ಗಡಿಗೆ ಕಟ್ಟುತ್ತದೆ. ಒಂದರ ಪಕ್ಕ ಇನ್ನೊಂದು, ಮೇಲೆ ಒಟ್ಟಾರೆ ಗಿಲಾವು. ಕಟ್ಟುವಾಗ ತಂಬೂರಿಯ ತಂತಿ ಮೀಟಿದ ಹಾಗೆ ಗುಯ್ ಅನ್ನುತ್ತಿರುತ್ತದೆ. ಅದು ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯ ಹೆಂಗಸು ಬಸುರಿ ಎಂದು ನಮ್ಮ ಸೀಮೆಯ ನಂಬಿಕೆ. ಕರಿಮಣ್ಣಿನ ಗೂಡಾದರೆ ಗಂಡು, ಕೆಂಪು ಮಣ್ಣಾದರೆ ಹೆಣ್ಣು ಎಂದು ಭೇದ ಮಾಡುವವರೂ ಇದ್ದಾರೆ. ನಮ್ಮದು ಬಚ್ಚಲ ಮಣ್ಣು. ಅದರ ಬಣ್ಣ ಇಂಥದೇ ಎಂದು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಅತ್ತೆ ಅದನ್ನು ಗಟ್ಟಿಯಾಗಿ ನಂಬಿದ್ದರು. ನಾನು ನಂಬಿರಲಿಲ್ಲ. ನಂಬದೆ ಇರುವುದಕ್ಕೆ ಕಾರಣ ಹಿಂದೂಪುರದಲ್ಲೇ ಸಿಕ್ಕಿತ್ತು.

ನನ್ನ ತವರುಮನೆಯವರು ಬೆಲ್ಲದ ವ್ಯಾಪಾರದವರು. ಶ್ರಾವಣ ಬಂತೆಂದರೆ ನಮ್ಮ ಜಗಲಿಯ ಮೇಲೆ ಅಯ್ಯನವರು ಕೂತು ಪ್ರವಚನ ಹೇಳುವರು. ಒಂದು ಸಲ ಕುಂಬಾರ ಹುಳದ ಮಾತು ಬಂತು. ಅದು ಎಲ್ಲಿಂದಲೋ ಒಂದು ಎಲೆಹುಳವನ್ನು ತಂದು ಗೂಡಿನಲ್ಲಿಟ್ಟು ಬಾಗಿಲು ಮುಚ್ಚುತ್ತದೆ, ಹೊರಗೆ ನಿಂತು ಝೇಂಕರಿಸುತ್ತದೆ. ಒಳಗಿನ ಹುಳ ಆ ನಾದವನ್ನೇ ಕೇಳಿ, ಆ ರೂಪವನ್ನೇ ನೆನೆದು ನೆನೆದು, ಕೊನೆಗೆ ತಾನೂ ರೆಕ್ಕೆ ಬಂದು ಕುಂಬಾರ ಹುಳವೇ ಆಗಿ ಹೊರಬೀಳುತ್ತದೆ. ಶಿವನನ್ನು ನೆನೆದವನೂ ಹಾಗೆಯೇ ಶಿವನಾಗುತ್ತಾನೆ ಎಂದರು. ದೊಡ್ಡವರೆಲ್ಲ ತಲೆದೂಗಿದರು. ನನಗೆ ಆ ಒಳಗಿನ ಹುಳವನ್ನು ನೋಡಬೇಕೆನ್ನಿಸಿತು. ಧ್ಯಾನಕ್ಕೆ ಕೂತವರನ್ನು ಎಬ್ಬಿಸಬಾರದೆಂದು ಗೊತ್ತಿದ್ದರೂ, ಮಾರನೆಯ ದಿನ ತಲೆಯ ಪಿನ್ನು ತೆಗೆದು ಅಡುಗೆಮನೆಯ ಗೋಡೆಯ ಒಂದು ಗೂಡನ್ನು ಕೆರೆದೆ.

ಒಳಗೆ ಹಸಿರು ಹುಳಗಳು ಒತ್ತೊತ್ತಾಗಿ ತುಂಬಿದ್ದವು. ಸತ್ತಿರಲಿಲ್ಲ, ಮೈಯಲ್ಲಿ ತ್ರಾಣವಿಲ್ಲದೆ ಬಿದ್ದಿದ್ದವು. ಅವುಗಳ ನಡುವೆ ಅಕ್ಕಿಯಂಥ ಬಿಳಿಯ ಮರಿಯೊಂದು ಬಾಯಾಡಿಸುತ್ತಿತ್ತು. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ:

“ಅಜ್ಜೀ, ಹುಳ ಧ್ಯಾನ ಮಾಡ್ತಿಲ್ಲ. ಅದರ ಮರಿ ಅದನ್ನ ತಿಂತಾ ಐತೆ.”

ನಮ್ಮಜ್ಜಿ ಇಷ್ಟಲಿಂಗಕ್ಕೆ ನೀರೆರೆಯದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು. ಸ್ವಲ್ಪ ಯೋಚನೆ ಮಾಡಿ ಹೇಳಿದರು: “ತಿಂದ ಮ್ಯಾಲೆ ಅದೇ ಆಗೋಯ್ತಲ್ಲ ಮಗ. ಅಯ್ಯನೋರು ಏನು ಸುಳ್ಳು ಹೇಳಿದ್ರು?”

ನನಗೆ ಅದಕ್ಕಿಂತ ದೊಡ್ಡ ಪ್ರವಚನ ಇವತ್ತಿನವರೆಗೂ ಸಿಕ್ಕಿಲ್ಲ. ಆದರೆ ಅವತ್ತಿನಿಂದ ಕುಂಬಾರ ಹುಳ ಎಂದರೆ ನನಗೆ ಬಸುರೂ ಅಲ್ಲ, ಬ್ರಹ್ಮವೂ ಅಲ್ಲ. ಅದು ಎಲೆಹುಳ ತಿನ್ನುವ ಹುಳ. ನನಗೆ ಅಷ್ಟೇ ಸಾಕು.

ಇದನ್ನು ಈಗ ಯಾಕೆ ಬರೆಯಲು ಕೂತೆನೆಂದರೆ, ಮೊನ್ನೆ ಪಕ್ಕದ ಮನೆಯ ಲಕ್ಷ್ಮಮ್ಮ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಬಿಳಿಯ ಪುಡಿ. ಈಗೀಗ ಪೇಟೆಯಲ್ಲಿ ಸಿಗುತ್ತಿದೆಯಂತೆ. “ಒಕ್ಕ ಚಿಟಿಕೆ ಚಲ್ಲು ವದಿನಾ, ಒಕ್ಕ ಪುರುಗು ಉಂಡದು,” ಎಂದರು. ಒಂದು ಚಿಟಿಕೆ ಎರಚಿದರೆ ಒಂದು ಹುಳವೂ ಉಳಿಯುವುದಿಲ್ಲವಂತೆ. ಅವರ ಬದನೆಮಡಿಯನ್ನು ಹೋಗಿ ನೋಡಿಕೊಂಡು ಬಂದೆ. ಅವರು ಹೇಳಿದ್ದು ನಿಜ. ಕಾಯಿಕೊರಕ ಇರಲಿಲ್ಲ. ಜೇಡ ಇರಲಿಲ್ಲ. ಓತಿಕೇತ ಇರಲಿಲ್ಲ. ಗೋಡೆಯ ಬುಡದಲ್ಲಿ ಒಂದು ಹಲ್ಲಿ ಅಂಗಾತ ಬಿದ್ದಿತ್ತು. ಸಿದ್ಧಿಯಾದ ಮೇಲೆ ಎಲ್ಲರೂ ಎದ್ದುಹೋದ ಮಠದ ಹಾಗೆ ಹಿತ್ತಿಲು ಭಣಗುಡುತ್ತಿತ್ತು. ಡಬ್ಬಿಯನ್ನು ನಮಸ್ಕಾರ ಹಾಕಿ ಹಿಂದಕ್ಕೆ ಕೊಟ್ಟೆ. “ನೀಕು ಪಿಚ್ಚಿ,” ನಿನಗೆ ಹುಚ್ಚು, ಎಂದು ಲಕ್ಷ್ಮಮ್ಮ ನಕ್ಕರು. ಇರಬಹುದು. ಆದರೆ ನನ್ನ ಹುಚ್ಚಿಗೆ ಕೈತುಂಬ ಬದನೆಕಾಯಿ ಬರುತ್ತದೆ.

ನಮ್ಮ ಹಿತ್ತಿಲು ದೊಡ್ಡದೇನಲ್ಲ. ಬಚ್ಚಲ ನೀರು ಹರಿದಷ್ಟು ದೂರ ತರಕಾರಿ, ಅದರಾಚೆ ಹರಳುಗಿಡದ ಸಾಲು, ಅದರಾಚೆ ಕಳ್ಳಿಬೇಲಿ. ಸಂಜೆ ದೀಪ ಹಚ್ಚಿ ಲಿಂಗಪೂಜೆ ಮಾಡಿದ ಮೇಲೆ, ಅವತ್ತು ಶಿವ ಏನೇನು ಕೊಟ್ಟ ಎಂದು ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಮಳೆ ಕೊಡದ ಊರಿನಲ್ಲಿ ದೊಡ್ಡ ದೊಡ್ಡದನ್ನು ನೆನೆಯಲು ಹೋದರೆ ಬೇಗ ಮುಗಿದುಹೋಗುತ್ತದೆ. ಹಾಗಾಗಿ ಸಣ್ಣವನ್ನು ನೆನೆಯುತ್ತೇನೆ. ಬಚ್ಚಲ ಕಲ್ಲಿನಡಿಯ ಕಪ್ಪೆಯನ್ನು ನೆನೆಯುತ್ತೇನೆ. ಅದು ಇರುವಷ್ಟು ದಿನ ಜಿರಲೆಗೆ ಬಚ್ಚಲಿನಿಂದ ಅಡುಗೆಮನೆಗೆ ದಾರಿ ಸಿಕ್ಕುವುದಿಲ್ಲ. ಹುಣಸೆಹಣ್ಣಿನ ಕೋಣೆಗೆ ಯಾವಾಗಲಾದರೊಮ್ಮೆ ಬಂದು ಇಲಿ ಹಿಡಿದುಕೊಂಡು ಮಾತಿಲ್ಲದೆ ಹೋಗುವ ಕೇರೆ ಹಾವನ್ನು ನೆನೆಯುತ್ತೇನೆ. ಅದನ್ನು ಕಂಡು ಲಕ್ಷ್ಮಮ್ಮ “ಜೆರ್ರಿಪೋತು, ಜೆರ್ರಿಪೋತು” ಎಂದು ಕೂಗಿದಾಗ ನಾನು ಬಾಗಿಲನ್ನು ಇನ್ನಷ್ಟು ತೆರೆದಿಟ್ಟಿದ್ದೇನೆ. ದೀಪದ ಹಿಂದೆ ಕೂತು ಹುಳಹುಪ್ಪಟೆ ಹಿಡಿಯುವ ಹಲ್ಲಿ ಮೈಮೇಲೆ ಬಿದ್ದರೆ ಯಾವ ಭುಜಕ್ಕೆ ಯಾವ ಫಲವೆಂದು ಪಂಚಾಂಗ ನೋಡುವವರಿದ್ದಾರೆ. ಬಿದ್ದ ಹಲ್ಲಿಗೆ ಪೆಟ್ಟಾಯಿತೇ ಎಂದು ನೋಡುವವಳು ನಾನು. ಇದು ಭಕ್ತಿಯಲ್ಲವೆಂದು ಯಾರಾದರೂ ಹೇಳಿದರೆ ಅವರ ಭಕ್ತಿ ಅವರಿಗೆ, ನನ್ನದು ನನಗೆ.

ಇವೆಲ್ಲವುಗಳಿಗಿಂತ ಹೆಚ್ಚು ದುಡಿಯುವುದು ಕುಂಬಾರ ಹುಳ. ಬಸಮ್ಮತ್ತೆ ಬರುವುದಕ್ಕೆ ಹಿಂದಿನ ವರ್ಷ ಅದು ನಮಗೆಲ್ಲ ಗೊತ್ತಾಗಿತ್ತು. ದೀಪಾವಳಿಗೆ ಸುಣ್ಣ ಬಳಿಯಲು ಬಂದ ಆಳುಗಳು ಗೋಡೆಯ ಮೇಲಿದ್ದ ಗೂಡುಗಳನ್ನೆಲ್ಲ ಒಂದೂ ಬಿಡದೆ ಕೆರೆದು ಹಾಕಿದ್ದರು. ಗೋಡೆ ಬೆಳ್ಳಗಾಯಿತು. ಆಮೇಲೆ ಗೇಣು ಹಾಕಿಕೊಂಡು ನಡೆಯುವ ಆ ಹಸಿರು ಹುಳಗಳು ಹರಳಿನ ಎಲೆಗಳನ್ನು ಜರಡಿ ಮಾಡಿದವು. ಅವರೆ ಚಪ್ಪರಕ್ಕೆ ಏರಿ ಹೂವಿಗೇ ಬಾಯಿ ಹಾಕಿದವು. ನಾನೂ ಅತ್ತೆಯೂ ಬೂದಿ ಎರಚಿದೆವು, ಬೇವಿನ ಸೊಪ್ಪು ಕುದಿಸಿ ಚಿಮುಕಿಸಿದೆವು, ಕೈಯಲ್ಲಿ ಆರಿಸಿ ಕೋಳಿಗಳಿಗೆ ಹಾಕೋಣವೆಂದರೆ ಶಿವಭಕ್ತರ ಮನೆಯಲ್ಲಿ ಕೋಳಿ ಎಲ್ಲಿಂದ ಬರಬೇಕು. ಆ ವರ್ಷ ಹಿತಕವರೆಯ ಸಾರನ್ನು ಬೇರೆಯವರ ಮನೆಯ ವಾಸನೆಯಲ್ಲೇ ಉಂಡದ್ದಾಯಿತು. ಮುಂದಿನ ದೀಪಾವಳಿಗೆ ನಾನು ಸುಣ್ಣದ ಆಳುಗಳ ಹಿಂದೆಯೇ ನಿಂತು, ಹಿತ್ತಿಲ ಗೋಡೆಯನ್ನು ಮುಟ್ಟಲು ಬಿಡಲಿಲ್ಲ. ಹುಳಗಳು ತಿರುಗಿ ಬಂದವು. ಅವುಗಳಲ್ಲಿ ಒಂದು ಬಾಗಿಲು ದಾಟಿ ಒಳಚೌಕಟ್ಟಿಗೇ ಗೂಡು ಮೆತ್ತಿತು. ಅತ್ತೆ ಕಂಡದ್ದು ಅದನ್ನು.

ಬಸಮ್ಮತ್ತೆ ಬಂದರು. ಯುದ್ಧದ ಕಾಲ ಅದು, ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಅಷ್ಟು ದೂರದ ಹೊಗೆ ಕುಡಿದು ಬಂದಿದ್ದರೂ ಅವರ ದನಿಗೆ ಏನೂ ಆಗಿರಲಿಲ್ಲ. ಕಾಲು ತೊಳೆದುಕೊಂಡು ವಿಭೂತಿ ಹಚ್ಚಿಕೊಂಡವರೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿದರು. ಬಚ್ಚಲಲ್ಲಿ ಕಪ್ಪೆ ಕಂಡರು. ಅಡುಗೆಮನೆಯಲ್ಲಿ ಹಲ್ಲಿ ಕಂಡರು. ಸೂರಿನಲ್ಲಿ ಜೇಡ ಕಂಡರು.

“ಏನೇ ನಂಜಮ್ಮ, ಇದು ಮನೆನೋ ಅಡವಿನೋ? ಮನುಷ್ಯರ ಮರಿ ಒಂದು ಬಿಟ್ಟು ಉಳಿದಿದ್ದೆಲ್ಲ ಐತಲ್ಲೇ ಇಲ್ಲಿ.”

ಅದು ನನಗೆ ಹೇಳಿದ ಮಾತು. ನಾನು ಅವರಿಗೆ ಮಜ್ಜಿಗೆ ಕೊಟ್ಟೆ. ಒಂದು ಹರಳು ಉಪ್ಪು ಜಾಸ್ತಿ ಬಿದ್ದಿರಬೇಕು.

ಅತ್ತೆ ಗೂಡು ತೋರಿಸಿದರು. “ನೋಡಕ್ಕಾ. ಒಳಚೌಕಟ್ಟಿಗೇ ಕಟ್ಟೈತೆ. ಯುಗಾದಿ ಗಂಟ ನೋಡಾನ. ದುಡುಕೋದು ಬ್ಯಾಡ.”

ಬಸಮ್ಮತ್ತೆ ಗೂಡನ್ನು ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮತ್ತೆ ಗೂಡನ್ನು ನೋಡಿದರು. “ಅದಕ್ಕೇನು ಗೊತ್ತೇ ಪಾಪ, ಯಾರ ಮನೆ ಅಂತ. ದಾರಿ ತಪ್ಪಿ ಬಂದೈತೆ,” ಎಂದರು.

ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಬಂದರು. ಮುದ್ದೆ ಬಡಿಸಿ ಪಕ್ಕದಲ್ಲಿ ಕೂತೆ.

“ನಿಮ್ಮ ಸೋದರತ್ತೆ ಬಂದವ್ರೆ.”

“ಹೂಂ.”

“ನೀವೇನಂತೀರ?”

ಅವರು ಮುದ್ದೆ ಮುರಿದರು, ಸಾರಿನಲ್ಲಿ ಅದ್ದಿದರು, ನುಂಗಿದರು. “ಅಪ್ಪ ಏನಂತಾರೋ.”

“ನಾನು ನಿಮ್ಮಪ್ಪನ್ನ ಮದುವೆ ಆಗಿಲ್ಲ.”

ಅವರಿಗೆ ನೆತ್ತಿಗೇರಿತು. ನೀರು ಕೊಟ್ಟೆ. ಕುಡಿದು, ತಲೆ ಎತ್ತದೆ ಹೇಳಿದರು: “ನಾನು ಒಲ್ಲೆ ಅಂತ ಅಪ್ಪಂಗೆ ಹೇಳಿವ್ನಿ. ಅಪ್ಪಂಗೆ ಕೇಳಿಸ್ದಂಗೆ ಕಾಣ್ಲಿಲ್ಲ.”

“ಹಂಗಾರೆ ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ,” ಎಂದು ಇನ್ನೊಂದು ಮುದ್ದೆ ಹಾಕಿದೆ. ಬೇಡವೆನ್ನದೆ ತಿಂದರು. ಅವರು ಒಳ್ಳೆಯವರು. ಆದರೆ ಒಳ್ಳೆಯತನವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಮತ್ತು ಆ ಮನೆಯಲ್ಲಿ ಬಾಯಿಬಿಡದವರ ಮಾತನ್ನು ಬೇರೆಯವರು ಆಡಿ ಮುಗಿಸಿಬಿಡುತ್ತಿದ್ದರು.

ಮಾರನೆಯ ದಿನ ಬಸಮ್ಮತ್ತೆ ಸುಣ್ಣ ತರಿಸಿದರು. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ, ಗೋಡೆ ಹೀಗಿದ್ದರೆ ಏನಂದುಕೊಳ್ಳುತ್ತಾರೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಣ್ಣವನ್ನು ತಾವೇ ಕಲಸಿದರು. ಅಷ್ಟು ವಯಸ್ಸಿನಲ್ಲಿ ಅಷ್ಟು ದುಡಿಯುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಅದು ನನ್ನ ಸಂಸಾರ ಮುರಿಯುವ ಕೆಲಸವಾದರೂ, ದುಡಿಮೆ ದುಡಿಮೆಯೇ. ನಡುಮನೆ ಮುಗಿಸಿ ಕಳೆ ಕೀಳುವ ಕುರ್ಪಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು, ಗೂಡು ಕೆರೆಯಲು.

ನಾನು ಸ್ನಾನ ಮಾಡಿ ಪೂಜೆ ಮುಗಿಸಿ ಆಗತಾನೆ ಎದ್ದಿದ್ದೆ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ.

“ಜರುಗು,” ಎಂದರು.

“ಇಲ್ಲ.”

“ಯಾಕೆ? ಈ ಮಣ್ಣುಂಡೆ ನಿಂಗೆ ಮಗು ಕೊಡ್ತೈತೆ ಅಂತಾನಾ?”

ಕೇಳುವಾಗ ಅವರ ದನಿ ಒಂದಿಷ್ಟು ತಗ್ಗಿತ್ತು. ಕುರ್ಪಿ ಹಿಡಿದ ಕೈ ಅಲ್ಲೇ ನಿಂತಿತ್ತು. ಅವರಿಗೂ ಆ ನಂಬಿಕೆ ಇತ್ತು. ಬಸುರಿಯ ಮನೆಯ ಗೂಡು ಕೆಡವಿದ ಪಾಪ ತಮಗೆ ಬೇಡವೆಂದು ಅಳುಕುತ್ತಿದ್ದರು. ಅವರ ಹಿಂದೆ ನಮ್ಮತ್ತೆ ನಿಂತಿದ್ದರು. ಹೌದು ಅನ್ನು, ಒಂದು ಸಲ ಹೌದು ಅಂದುಬಿಡು ಎಂದು ಅವರ ಕಣ್ಣುಗಳು ನನ್ನನ್ನು ಬೇಡುತ್ತಿದ್ದವು. ಹೌದೆಂದರೆ ಯುಗಾದಿಯ ತನಕ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಏನಾದರೂ ಆದೀತು. ಆ ಮೊಮ್ಮಗಳಿಗೆ ಬೇರೆ ಗಂಡು ಸಿಕ್ಕೀತು. ನನಗೂ ಆಸೆ ಇರಲಿಲ್ಲವೆಂದಲ್ಲ. ಆದರೆ ಎದೆಯ ಮೇಲೆ ಲಿಂಗವಿತ್ತು, ಹೊಟ್ಟೆಯೊಳಗೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು.

“ಇಲ್ಲತ್ತೆ. ನಂಗೆ ಏನೂ ನಿಂತಿಲ್ಲ. ಇದು ಹುಳ ತಿನ್ನೋ ಹುಳ, ಅಷ್ಟೆ. ಹೋದ ವರ್ಷ ಇವನ್ನ ಕೆರೆಸಿದ್ದಕ್ಕೆ ಚಪ್ಪರ ಪೂರ್ತಿ ಹಾಳಾಯ್ತು. ನಂಗೆ ಮಗು ಆಗ್ಲಿ ಬುಡ್ಲಿ, ಇದು ಇಲ್ಲೇ ಇರ್ತೈತೆ. ನಾನೂ ಇಲ್ಲೇ ಇರ್ತೀನಿ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅವರೆಕಾಯಿಗೋಸ್ಕರ ಗಂಡನ್ನ ಬುಟ್ಟುಕೊಡ್ತೀಯೇನೆ?” ಎಂದರು ಬಸಮ್ಮತ್ತೆ.

“ಎರಡನ್ನೂ ಬುಟ್ಟುಕೊಡಲ್ಲ.”

“ಅಬ್ಬ. ಹಿಂದೂಪುರದ ಬೆಲ್ಲ ತಿಂದೋರ ಬಾಯಿ ಇಷ್ಟು ಖಾರ ಇರ್ತದೆ ಅಂತ ಗೊತ್ತಿರ್ಲಿಲ್ಲ ಕಣಮ್ಮ.”

“ಸುಣ್ಣ ಬಳೀಲೇಬೇಕು ಅಂದ್ರೆ ಗೂಡು ಬುಟ್ಟು ಸುತ್ತ ಬಳೀರಿ. ಕುಂಚ ಬೇಕಾದ್ರೆ ನಾನೂ ಹಿಡೀತೀನಿ.”

ಕುರ್ಪಿಯನ್ನು ಅವರು ನೆಲಕ್ಕೆ ಎಸೆದರು. ಆಮೇಲೆ ಏನು ಮಾಡಿದರೆಂದುಕೊಂಡಿರಿ, ಗೂಡನ್ನು ಬಿಟ್ಟು ಸುತ್ತಲೂ ಸುಣ್ಣ ಬಳಿದರು. ಬಳಿಯುವಷ್ಟು ಹೊತ್ತೂ ತೆಲುಗಿನಲ್ಲಿ ನನ್ನನ್ನು ಬೈದರು. ಕನ್ನಡದಲ್ಲಿ ಬೈದರೆ ಮೈಲಿಗೆಯೇನೋ ಅನ್ನುವ ಹಾಗೆ ಅವರು ಬೈಗುಳಕ್ಕೆ ಯಾವಾಗಲೂ ತೆಲುಗನ್ನೇ ಹಿಡಿಯುತ್ತಿದ್ದರು. ನಾನು ಅದರ ಒಂದು ಮಾತೂ ಅರ್ಥವಾಗದವಳ ಹಾಗೆ ಸುಣ್ಣದ ಗಡಿಗೆ ಎತ್ತಿ ಎತ್ತಿ ಕೊಟ್ಟೆ.

ಅತ್ತೆ ಮಾತ್ರ ನನ್ನನ್ನು ಒಲೆಯ ಹತ್ತಿರ ಹಿಡಿದುಕೊಂಡರು. “ಯಾಕಂಗಂದೆ? ನಿನಗೋಸ್ಕರ ತಾನೆ ನಾನು ಆ ಗೂಡು ತೋರಿಸಿದ್ದು? ಇನ್ನ ನಾನೇನು ಹೇಳ್ಲಿ ಅವರಿಗೆ?” ಎಂದರು. ಅವರ ಕಣ್ಣು ತುಂಬಿತ್ತು. ಅವರಿಗೆ ನನ್ನ ಮೇಲೆ ಇದ್ದ ಪ್ರೀತಿ ನನಗೆ ಅವತ್ತು ಪೂರ್ತಿ ಕಂಡಿತು. ಅದನ್ನೂ ಸಂಜೆ ನೆನೆಸಿಕೊಂಡೆ, ದೇವರು ಕೊಟ್ಟವುಗಳ ಜೊತೆಯಲ್ಲಿ. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊಸ ಸುಣ್ಣಕ್ಕೆ ಒಂದು ವಾಸನೆ ಇರುತ್ತದೆ, ನಿಮಗೆ ಗೊತ್ತು. ಹಸಿಗೋಡೆಯ ವಾಸನೆ, ಮೊದಲ ಮಳೆ ಬಿದ್ದ ಮಣ್ಣಿನ ತಮ್ಮನೋ ಅಣ್ಣನೋ ಅನ್ನಬಹುದು. ಮಾರನೆಯ ಬೆಳಿಗ್ಗೆ ನಾನು ಅಂಗಳ ಸಾರಿಸಿ ಒಳಗೆ ಬರುವಾಗ ಬಸಮ್ಮತ್ತೆಯ ದನಿ ಕೇಳಿತು.

“ಏನೇ ನಂಜಮ್ಮ, ಗೋಡೆ ತಿಂತಿದೀಯಾ?”

ನಡುಮನೆಯ ಮೂಲೆಯಲ್ಲಿ ಅತ್ತೆ ಗೋಡೆಗೆ ಮುಖ ಕೊಟ್ಟು ನಿಂತಿದ್ದರು. ಬಾಯಂಚಿನಲ್ಲಿ ಬೆಳ್ಳಗೆ ಸುಣ್ಣದ ಪುಡಿ. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗಿಯ ಹಾಗಿತ್ತು ಅವರ ಮುಖ.

“ಇಲ್ಲಕ್ಕಾ. ವಾಸ್ನೆ ಚೆನ್ನಾಗಿತ್ತು. ಒಂಚೂರು ನಾಲಿಗೆಗೆ…”

“ಎಷ್ಟು ದಿನದಿಂದ ಇದು?”

“ಸುಣ್ಣ ಇವತ್ತೇ. ಮುಂಚೆ ಒಲೆ ಮಣ್ಣು.”

ಬಸಮ್ಮತ್ತೆ ಅತ್ತೆಯ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಅವರು ತಮ್ಮ ಮನೆಯ ಹೆಣ್ಣುಮಕ್ಕಳ ಬಾಣಂತನಗಳನ್ನೆಲ್ಲ ತಾವೇ ಮಾಡಿದವರು.

“ಮುಟ್ಟು ನಿಂತು ಯಾವ ಕಾಲ ಆಯ್ತೆ?”

ಅತ್ತೆ ನನ್ನನ್ನು ನೋಡಿದರು, ನೆಲವನ್ನು ನೋಡಿದರು. “ವಯಸ್ಸಾಯ್ತಲ್ಲಕ್ಕಾ. ನಿಂತೋಯ್ತು, ಪೀಡೆ ಕಳೀತು ಅಂದ್ಕಂಡೆ.”

“ವಯಸ್ಸಾಗಿರೋದು ನಂಗೆ ಕಣೆ. ನಿಂಗಲ್ಲ,” ಎಂದು ಬಸಮ್ಮತ್ತೆ ಅಲ್ಲೇ ಕಂಬಕ್ಕೆ ಒರಗಿ ಕುಸಿದು ಕೂತರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ, ನಗುತ್ತಿದ್ದರು. ಸೊಸೆಯ ಹೊಟ್ಟೆಯ ಲೆಕ್ಕ ಕೇಳಲು ಬಂದು ಅತ್ತೆಯ ಹೊಟ್ಟೆಯನ್ನು ಹಿಡಿದದ್ದು ಅವರಿಗೇ ತಡೆಯಲಾಗಲಿಲ್ಲ.

ನಮ್ಮತ್ತೆ ಹದಿನೈದು ತುಂಬುವಷ್ಟರಲ್ಲಿ ನಮ್ಮ ಯಜಮಾನರನ್ನು ಹೆತ್ತವರು. ಈ ಸುದ್ದಿಯ ಹೊತ್ತಿಗೆ ಅವರಿಗೆ ನಲವತ್ತರ ಆಸುಪಾಸು. ಇಂಥದ್ದು ಊರಲ್ಲಿ ಹೊಸದಲ್ಲ. ಆದರೂ ಅವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡು “ಸೊಸೆ ಮುಂದೆ ಹೆಂಗೆ ತಲೆ ಎತ್ಲಿ, ಬೀಗರ ಮುಂದೆ ಹೆಂಗೆ ತಲೆ ಎತ್ಲಿ” ಎಂದು ಒಂದೇ ಸಮನೆ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಮಾವನವರು ಒಳಗೆ ಬಂದು, ಅಕ್ಕನ ಮುಖದಿಂದ ಸಂಗತಿ ತಿಳಿದುಕೊಂಡು, “ಮಂಡಿತಾವ ಹೋಗಿಬತ್ತೀನಿ” ಎಂದು ಪಾದರಕ್ಷೆಯನ್ನೂ ಮೆಟ್ಟದೆ ಹೊರಟರು. ದೀಪ ಹಚ್ಚುವ ತನಕ ಆ ಕಡೆಯಿಂದ ಈ ಕಡೆಗೆ ಬರಲಿಲ್ಲ.

ನಗು ಮುಗಿದ ಮೇಲೆ ಬಸಮ್ಮತ್ತೆಗೆ ಬಂದ ಕೆಲಸ ನೆನಪಾಯಿತು. “ಇದು ಸರಿ. ಶಿವ ಕೊಟ್ಟ, ಸಂತೋಷ. ಆದ್ರೆ ಇದಕ್ಕೂ ನಿನ್ನ ಮಗನ ಸಂಸಾರಕ್ಕೂ ಏನು? ಅವನ ವಂಶ ಬೆಳೀಬೇಕಲ್ಲ. ನಾನು ಹೇಳಿದ್ದು ಹೇಳಿದ್ದೇ.”

ಅತ್ತೆ ಮುಖದ ಮೇಲಿನ ಸೆರಗು ತೆಗೆದರು. ಜನ್ಮದಲ್ಲಿ ಗಂಡನ ಆ ಅಕ್ಕನಿಗೆ ಎದುರು ಮಾತಾಡಿದವರಲ್ಲ.

“ಹೊಸ ಹೆಣ್ಣು ತಂದು ಈ ಹೊಟ್ಟೆ ತೋರಿಸಿ ನಗಿಸ್ಲಾ ಅಕ್ಕಾ? ನಂಗೆ ಬಾಣಂತನ ಮಾಡೋಳು ಯಾರು, ನಿನ್ನ ಮೊಮ್ಮಗಳಾ? ಆ ಮಗೂಗೆ ತಲೆ ಬಾಚ್ಕಳಕೆ ಬರಲ್ಲ. ನನ್ನ ಕೈ ಹಿಡಿಯೋಳು ಇವಳೇ. ನಿನ್ನೆ ಒಂದು ಸುಳ್ಳು ಹೇಳಿ ಉಳ್ಕಾಬೋದಿತ್ತು. ಹೇಳ್ಲಿಲ್ಲ. ಇಂಥೋಳ ಮೇಲೆ ಇನ್ನೊಬ್ಬಳನ್ನ ತರೋದು ನನ್ನ ಕೈಲಾಗಲ್ಲ. ನೀನು ಬ್ಯಾಸರ ಮಾಡ್ಕಂಡ್ರೂ ಸರಿ.”

ಬಸಮ್ಮತ್ತೆ ಬೇಸರ ಮಾಡಿಕೊಂಡರು. ಆದರೂ ಅವತ್ತು ಮಧ್ಯಾಹ್ನ ಬಸ್ಸಿಗೆ ಹೊರಡುವ ಮುಂಚೆ, ಹಿತ್ತಿಲ ಬಾಗಿಲಿಗೆ ಹೋಗಿ ಗೂಡಿಗೆ ಕೈಮುಗಿದು, “ಯಾರೂ ಇದರ ತಂಟೆಗೆ ಹೋಗಬ್ಯಾಡ್ರಿ, ಹೆರಿಗೆ ಆಗೋಗಂಟ,” ಎಂದು ಮನೆಗೆಲ್ಲ ಕಟ್ಟಪ್ಪಣೆ ಮಾಡಿದರು. ಗೂಡು ಹೇಳಿದ್ದು ನಿಜವಾಯಿತು, ಹೊಟ್ಟೆ ಯಾವುದೆಂದು ಓದಿಕೊಂಡದ್ದು ತಪ್ಪಾಯಿತು ಎಂದು ಅವರ ತೀರ್ಮಾನ. ಅತ್ತೆಯದೂ ಅದೇ. ಇವತ್ತಿಗೂ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಕುಂಬಾರ ಹುಳ ಕಂಡರೂ ಮುದುಕಿಯರಾದಿಯಾಗಿ ಎಲ್ಲ ಹೆಂಗಸರನ್ನೂ ಒಂದು ಸಲ ಅನುಮಾನದಿಂದ ನೋಡುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಯಾವ ನೆಪಕ್ಕಾದರೂ ಸರಿ, ಗೂಡು ಉಳಿಯಲಿ. ಹುಳ ಎಲೆಹುಳವನ್ನು ತಿನ್ನುವಾಗ ನಮ್ಮ ನಂಬಿಕೆಯನ್ನು ಕೇಳಿಕೊಂಡು ತಿನ್ನುವುದಿಲ್ಲ.

ಹುಟ್ಟಿದ್ದು ಹೆಣ್ಣು. ಅಷ್ಟರಲ್ಲಿ ಬಸಮ್ಮತ್ತೆಯ ಮೊಮ್ಮಗಳಿಗೆ ಮಡಕಶಿರದ ಕಡೆ ಮದುವೆಯಾಗಿತ್ತು. ಅತ್ತೆಗೆ ಹುಟ್ಟಿದ ಆ ನನ್ನ ನಾದಿನಿ ಈಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ, ಚಪ್ಪರದ ಅವರೆಯನ್ನು ಹಸಿಯಾಗಿಯೇ ಕಿತ್ತು ತಿನ್ನುತ್ತಾಳೆ. ನನಗೆ ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ತಗ್ಗಿದ ದನಿಯಲ್ಲಿ ಕೇಳಿದರೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಆಗಲಿಲ್ಲ. ಶಿವ ನನಗೆ ಕೊಡದೆ ಇದ್ದದ್ದು ಒಂದು, ಕೊಟ್ಟದ್ದು ಬಹಳ. ಕೊಡದ ಒಂದರ ಹೆಸರಿನಲ್ಲಿ ನನ್ನನ್ನು ಕರೆಯುವ ಹಕ್ಕು ಯಾರಿಗೂ ಇಲ್ಲ.

ಅವತ್ತಿನ ಮಾತು ಮುಗಿಸುತ್ತೇನೆ. ಬಸಮ್ಮತ್ತೆಯನ್ನು ಬಸ್ಸಿಗೆ ಬಿಟ್ಟುಬರಲು ನಮ್ಮ ಯಜಮಾನರು ಹೋದರು. ನಾನು ಒಳಗೆ ಬಂದೆ. ರಾತ್ರಿಯ ಮುದ್ದೆಗೆ ಹಿಟ್ಟಿರಲಿಲ್ಲ. ರಾಗಿ ತಂದು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತೆ. ನಾನು ಆ ಮನೆಗೆ ಕಾಲಿಟ್ಟಂದಿನಿಂದ ನಾನೂ ಅತ್ತೆಯೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸಿದವರು. ಅತ್ತೆ ಬಂದು ಎಂದಿನಂತೆ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದರು. ಆ ಕೈಯನ್ನು ಬಿಡಿಸಿ ಅವರ ಮಡಿಲಲ್ಲಿಟ್ಟೆ.

“ಒಬ್ಬಳಿಗೆ ಭಾರ ಆಯ್ತದೆ ಕಣಮ್ಮ,” ಎಂದರು.

“ಆಗ್ಲಿ,” ಎಂದು ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಸುರಿದು, ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ.